ಹೈಪೋ ನೀರು ಎಲ್ಲಿ ಚೆಲ್ಲಬೇಕು?

ಹಿಂದಿನ ಸಂಚಿಕೆಯಲ್ಲಿ ಮನೆಯಲ್ಲೇ ಕಪ್ಪು-ಬಿಳುಪು ಫೋಟೋ ಫಿಲ್ಮಿನ ರೋಲ್ ತೊಳೆಯುವುದು ಹೇಗೆ ಅಂತ ಬರೆದಿದ್ದೆ. ಚಿತ್ರ ಮೂಡಿಸುವ ಡೆವಲಪರ್ ಯಾವುದು, ನಿಮಿಷ ಎಷ್ಟು, ನೀರು ಎಷ್ಟು ತಣ್ಣಗಿರಬೇಕು, ಎಲ್ಲ ಹೇಳಿದೆ. ಕೆಲಸ ಮುಗಿದ ಮೇಲೆ ಉಳಿಯುವ ಕೆಮಿಕಲ್ ನೀರನ್ನು, ಅದರಲ್ಲೂ ಚಿತ್ರ ಮಾಸದ ಹಾಗೆ ನಿಲ್ಲಿಸುವ ಫಿಕ್ಸರ್ ಅಂದರೆ ಹೈಪೋವನ್ನು, ಏನು ಮಾಡಬೇಕು ಅನ್ನುವುದನ್ನು ಮಾತ್ರ ಬಿಟ್ಟೆ. ಅದು ನನ್ನ ತಪ್ಪು. ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಅದನ್ನೇ ಕೇಳಿವೆ. ಕಲಬುರಗಿಯಲ್ಲಿ 34 ವರ್ಷ ಸ್ಟುಡಿಯೋ ನಡೆಸಿದವನು ನಾನು. ಮೊದಲ ಹನ್ನೆರಡು ವರ್ಷ ಈ ನೀರನ್ನು ಎಲ್ಲಿ ಚೆಲ್ಲಬಾರದೋ ಅಲ್ಲೇ ಚೆಲ್ಲಿದ್ದೇನೆ. ಹಾಗಾಗಿ ಈ ಸಲ ಬೇರೆ ಪ್ರಶ್ನೆಗಳನ್ನು ಬದಿಗಿಟ್ಟು ಇದಕ್ಕಷ್ಟೇ ಉತ್ತರ ಕೊಡುತ್ತೇನೆ.

ಪ್ರಶ್ನೆ: ಕಾಕಾ, ನಾನು ಚಿತ್ರಕಲೆ ಓದುತ್ತಿದ್ದೇನೆ. ಸೇಡಂ ರಸ್ತೆ ಕಡೆ ಬಾಡಿಗೆ ಖೋಲಿ. ಬಚ್ಚಲಿನ ಕಿಟಕಿಗೆ ಕಪ್ಪು ಅರಿವೆ ಕಟ್ಟಿ ತಿಂಗಳಿಗೆ ನಾಲ್ಕೈದು ರೋಲ್ ತೊಳೆಯುತ್ತೇನೆ. ನಮ್ಮ ಕಡೆ ಒಳಚರಂಡಿ ಇಲ್ಲ, ಹಿತ್ತಲಲ್ಲಿ ಸೆಪ್ಟಿಕ್ ಟ್ಯಾಂಕ್ ಇದೆ, ಅದರಾಚೆ ಬೋರ್‌ವೆಲ್. ಮನೆ ಒಡತಿ ಅಜ್ಜಿ ಮೊನ್ನೆ, "ಏನವ್ವಾ ಈ ನಾತ, ನನ್ನ ಬೋರಿನ ನೀರು ಕೆಡಸ್ತಿ ಏನು?" ಅಂದರು. ಫಿಕ್ಸರ್ ಬಚ್ಚಲಿಗೆ ಚೆಲ್ಲಿದರೆ ನಿಜವಾಗಿ ಏನಾಗುತ್ತೆ?
— ವಿದ್ಯಾರ್ಥಿನಿ, ಕಲಬುರಗಿ

ಉತ್ತರ: ತಂಗಿ, ಅಜ್ಜಿ ಕೇಳಿದ್ದು ಸರಿ ಇದೆ. ಅವರ ಮೇಲೆ ಬೇಸರ ಮಾಡಿಕೊಳ್ಳಬೇಡ.

ಮೊದಲು ಯಾವ ನೀರಿನಲ್ಲಿ ಏನಿದೆ ಅಂತ ತಿಳಿದುಕೋ. ಡೆವಲಪರ್‌ನಲ್ಲಿ ಮೆಟಾಲ್, ಹೈಡ್ರೋಕ್ವಿನೋನ್, ಸಲ್ಫೈಟ್, ಜೊತೆಗೆ ಕಾರ್ಬೊನೇಟ್ ಇಲ್ಲವೇ ಬೋರಾಕ್ಸ್. ಕೆಲಸ ಮಾಡಿ ದಣಿದ ಡೆವಲಪರ್ ಕರಿಚಹಾದ ಬಣ್ಣಕ್ಕೆ ತಿರುಗುತ್ತೆ. ಡೆವಲಪರ್ ಕೆಲಸವನ್ನು ತಡೆದು ನಿಲ್ಲಿಸುವ ಸ್ಟಾಪ್ ಬಾತ್ ಅಂದರೆ ನೀರು ಹಾಕಿದ ಅಸಿಟಿಕ್ ಆಸಿಡ್, ವಿನೆಗರ್‌ನ ಅಣ್ಣ. ಮೂರನೆಯದು ಫಿಕ್ಸರ್, ನಮ್ಮ ಬಾಯಲ್ಲಿ ಹೈಪೋ. ನಿನ್ನ ಪ್ರಶ್ನೆಯ ಗಂಟು ಇರುವುದು ಇಲ್ಲೇ.

ಹೊಸ ಹೈಪೋ ಅಂಥ ವಿಷವೇನಲ್ಲ. ಮೀನಿನ ತೊಟ್ಟಿಯ ನೀರಿನ ಕ್ಲೋರಿನ್ ತೆಗೆಯುವುದಕ್ಕೂ ಅದೇ ಹರಳನ್ನು ಹಾಕುತ್ತಾರೆ. ಆದರೆ ಅದು ಮಾಡುವ ಕೆಲಸ ಏನು? ಬೆಳಕು ಬೀಳದೆ ಉಳಿದ ಬೆಳ್ಳಿಯ ಉಪ್ಪನ್ನೆಲ್ಲ ಫಿಲ್ಮಿನಿಂದ ಕರಗಿಸಿ ತನ್ನೊಳಗೆ ಎಳೆದುಕೊಳ್ಳುವುದು. 1819ರಲ್ಲಿ ಇಂಗ್ಲೆಂಡಿನ ಜಾನ್ ಹರ್ಶೆಲ್ ಈ ಗುಣವನ್ನು ಕಂಡುಹಿಡಿದರು. ಇಪ್ಪತ್ತು ವರ್ಷದ ಮೇಲೆ ಫೋಟೋ ಮಾಸದ ಹಾಗೆ ನಿಲ್ಲಿಸುವ ಉಪಾಯ ಅದರಿಂದಲೇ ಸಿಕ್ಕಿತು. ಹಾಗಾಗಿ ಬಳಸಿದ ಹೈಪೋ ಅಂದರೆ ಬೆಳ್ಳಿ ಕರಗಿದ ನೀರು. ಒಂದು ಲೀಟರಿನಲ್ಲಿ ಇಪ್ಪತ್ತು ರೋಲ್ ತೊಳೆದೆ ಅಂದರೆ ಆ ಲೀಟರಿನಲ್ಲಿ ಕೆಲವು ಗ್ರಾಮ್ ಬೆಳ್ಳಿ ಕೂತಿರುತ್ತೆ.

ಬೆಳ್ಳಿ ಅಂದರೆ ನಮಗೆ ಶುದ್ಧ, ಮಂಗಳ. ದೇವರ ದೀಪ, ಕಾಲುಂಗುರ. ಆದರೆ ನೀರಿನಲ್ಲಿ ಕರಗಿದ ಬೆಳ್ಳಿ ಸೂಕ್ಷ್ಮಜೀವಿಗಳಿಗೆ ಯಮ. ಸುಟ್ಟ ಗಾಯಕ್ಕೆ ಹಚ್ಚುವ ಬಿಳಿ ಮುಲಾಮಿನಲ್ಲಿ ಬೆಳ್ಳಿಯ ಔಷಧ ಇರುವುದು ಕ್ರಿಮಿ ಸಾಯಲಿ ಅಂತಲೇ. ಸೆಪ್ಟಿಕ್ ಟ್ಯಾಂಕ್ ನಡೆಯುವುದು ಅದೇ ಥರದ ಸೂಕ್ಷ್ಮಜೀವಿಗಳ ದುಡಿಮೆಯಿಂದ. ನಿನ್ನ ಒಂದು ರೋಲಿನಿಂದ ಬರುವ ಬೆಳ್ಳಿ ಕಾಲು ಗ್ರಾಮಿಗಿಂತ ಕಡಿಮೆ. ಅಷ್ಟರಿಂದ ಟ್ಯಾಂಕ್ ನಾಳೆಯೇ ಕೆಡುವುದಿಲ್ಲ, ಅಜ್ಜಿಯ ಬೋರಿನಲ್ಲಿ ನಾಳೆಯೇ ವಿಷ ಏರುವುದಿಲ್ಲ. ಅವರನ್ನು ಹೆದರಿಸಬೇಡ. ಆದರೆ ಬೆಳ್ಳಿ ಕೊಳೆತು ಹೋಗುವ ವಸ್ತುವಲ್ಲ. ಹಾಕಿದಷ್ಟೂ ಅಲ್ಲೇ ಸೇರುತ್ತಾ ಹೋಗುತ್ತೆ. ಹೈಪೋದ ಉಪ್ಪು ನೆಲಕ್ಕೆ ಇಳಿಯುತ್ತೆ.

ನನ್ನ ಹಿತ್ತಲಿನ ವಿಷಯ ಹೇಳುತ್ತೇನೆ. ಡಾರ್ಕ್ ರೂಮಿನ ಹಿಂಬಾಗಿಲಿಗೆ ಹೊಂದಿ ಒಂದು ಕರಿಬೇವಿನ ಗಿಡ ಇತ್ತು, ನಮ್ಮ ತಾಯಿ ಹಚ್ಚಿದ್ದು. ಮದುವೆ ಸೀಸನ್ನಿನಲ್ಲಿ ರಾತ್ರಿ ಎರಡು ಗಂಟೆಗೆ ಪ್ರಿಂಟ್ ಮುಗಿಸಿ, ಟ್ರೇ ಎತ್ತಿ, ಬಾಗಿಲು ತೆರೆದು, ಆ ಗಿಡದ ಬುಡಕ್ಕೇ ಸುರಿಯುತ್ತಿದ್ದೆ. ನಮ್ಮ ಉಸ್ತಾದರೂ ಹಾಗೇ ಮಾಡುತ್ತಿದ್ದರು, ನಾನೂ ಮಾಡಿದೆ. ಮೊದಲು ಎಲೆಯ ಅಂಚು ಕಂದಾಯಿತು. ಆಮೇಲೆ ಹೊಸ ಚಿಗುರು ಬರುವುದು ನಿಂತಿತು. ತಾಯಿ ಬೇಸಿಗೆ ಬಿಸಿಲು ಅಂದುಕೊಂಡು ದಿನಾ ಒಂದು ಕೊಡ ನೀರು ಹಾಕುತ್ತಿದ್ದರು. ಎರಡನೇ ಬೇಸಿಗೆಗೆ ಗಿಡ ಒಣಗಿ ಕಟ್ಟಿಗೆಯಾಯಿತು. ಅಗೆದಾಗ ಬುಡದ ಮಣ್ಣು ಇದ್ದಿಲಿನ ಹಾಗೆ ಕರ್ರಗಿತ್ತು, ಮೂಗಿಗೆ ಗಂಧಕದ ವಾಸನೆ. ಅವತ್ತಿನಿಂದ ಒಂದು ಹನಿ ಹೈಪೋ ನೆಲಕ್ಕೆ ಚೆಲ್ಲಿಲ್ಲ. ತಾಯಿಗೆ ನಿಜ ಹೇಳುವುದಕ್ಕೆ ನನಗೆ ಇನ್ನೂ ಎರಡು ವರ್ಷ ಬೇಕಾಯಿತು.

ಈಗ ನೀನು ಮಾಡಬೇಕಾದದ್ದು. ಐದು ಲೀಟರಿನ ಬಿಳಿ ಪ್ಲಾಸ್ಟಿಕ್ ಕ್ಯಾನ್ ಒಂದು ತಗೋ, ಬಿಗಿಯಾದ ಮುಚ್ಚಳ ಇರಲಿ. ಮೇಲೆ ದಪ್ಪ ಅಕ್ಷರದಲ್ಲಿ "ಬಳಸಿದ ಫಿಕ್ಸರ್, ವಿಷ" ಅಂತ ಬರೆದು ತಾರೀಖು ಹಾಕು. ಫಿಕ್ಸರ್ ಸತ್ತಿದೆಯೋ ಇಲ್ಲವೋ ನೋಡುವುದಕ್ಕೆ ಫಿಲ್ಮಿನ ತುದಿಯ ಒಂದು ತುಂಡು ಸಾಕು. ಹೊಸ ಫಿಕ್ಸರ್‌ನಲ್ಲಿ ಅದು ಎಷ್ಟು ಹೊತ್ತಿಗೆ ತಿಳಿಯಾಗುತ್ತೆ ಅಂತ ಗಡಿಯಾರ ನೋಡಿ ಬರೆದಿಡು. ಅದಕ್ಕೆ ಎರಡು ಪಟ್ಟು ಹೊತ್ತು ಹಿಡಿಯುವ ದಿನ ಆ ಫಿಕ್ಸರ್ ಕ್ಯಾನಿಗೆ ಹೋಗಬೇಕು.

ತೊಳೆಯುವ ನೀರಿನ ಮಾತೂ ಇದೆ. ನಮ್ಮ ಊರಲ್ಲಿ ನಳದ ಕೆಳಗೆ ಅರ್ಧ ಗಂಟೆ ರೋಲ್ ಹಿಡಿದು ನೀರು ಹರಿಸುವುದು ಅನ್ಯಾಯ. ರೋಲ್ ತೊಳೆಯುವ ಮುಚ್ಚಳದ ಟ್ಯಾಂಕಿಗೆ ನೀರು ತುಂಬಿ ಐದು ಸಲ ಮೇಲೆ-ಕೆಳಗೆ ಮಾಡಿ ಚೆಲ್ಲು. ಮತ್ತೆ ತುಂಬಿ ಹತ್ತು ಸಲ. ಮೂರನೇ ನೀರಿಗೆ ಇಪ್ಪತ್ತು ಸಲ. ಹಾರ್ಡನರ್ (ಫಿಲ್ಮಿನ ಪದರ ಗಟ್ಟಿ ಮಾಡುವ ಮದ್ದು) ಇಲ್ಲದ ಫಿಕ್ಸರ್‌ಗೆ ಇಷ್ಟು ಸಾಕು. ಆ ಮೊದಲನೇ ನೀರಿನಲ್ಲಿ ಬೆಳ್ಳಿ ಇರುತ್ತೆ, ಅದೂ ಕ್ಯಾನಿಗೇ ಹೋಗಲಿ.

ಕ್ಯಾನ್ ತುಂಬಿದ ಮೇಲೆ ಬೆಳ್ಳಿ ಬಿಡಿಸುವುದು ಸುಲಭ. ಕಬ್ಬಿಣಕ್ಕೆ ಕರಗುವ ಆಸೆ ಬೆಳ್ಳಿಗಿಂತ ಹೆಚ್ಚು. ಕಬ್ಬಿಣ ಹಾಕಿದರೆ ಅದು ನೀರಿಗೆ ಇಳಿಯುತ್ತೆ, ಬೆಳ್ಳಿ ಹೊರಗೆ ಬೀಳುತ್ತೆ. ಪೇಂಟ್ ಅಂಗಡಿಯಲ್ಲಿ ಬಾಗಿಲು ಉಜ್ಜುವುದಕ್ಕೆ ಕೊಡುತ್ತಾರಲ್ಲ, ಕೂದಲಿನ ಹಾಗೆ ಸಣ್ಣ ಎಳೆಯ ಸ್ಟೀಲ್ ವುಲ್, ಅದು ಬೇಕು. ಪಾತ್ರೆ ತಿಕ್ಕುವ ಹೊಳೆಯುವ ಸ್ಟೀಲ್ ಗುಂಜು ನಡೆಯುವುದಿಲ್ಲ, ಅದು ಸ್ಟೇನ್‌ಲೆಸ್, ತುಕ್ಕೇ ಹಿಡಿಯದ್ದು ಬೆಳ್ಳಿಗೆ ಜಾಗ ಬಿಡುವುದಿಲ್ಲ. ಈ ತಪ್ಪನ್ನು ಬಹಳ ಮಂದಿ ಮಾಡಿ, "ಹತ್ತು ದಿನ ಇಟ್ಟೆ, ಏನೂ ಆಗಲಿಲ್ಲ" ಅಂತ ಬಂದಿದ್ದಾರೆ. ಲೀಟರಿಗೆ ಒಂದು ಮುಷ್ಟಿ ಹಾಕು. ಗಾಳಿಯಾಡುವ ನೆರಳಿನಲ್ಲಿ, ಮುಚ್ಚಳ ಸಡಿಲ ಬಿಟ್ಟು, ಒಂದು ವಾರ ಇಡು. ದಿನಕ್ಕೊಮ್ಮೆ ಕಟ್ಟಿಗೆಯಿಂದ ತಿರುವು. ತಳದಲ್ಲಿ ಕಪ್ಪು ಕೆಸರು ಕೂರುತ್ತೆ. ಅದು ಬೆಳ್ಳಿ. ಕಪ್ಪಗಿದೆ ಅಂತ ಅನುಮಾನ ಪಡಬೇಡ.

ಬೆಳ್ಳಿ ಪೂರ್ತಿ ಇಳಿಯಿತೋ ಇಲ್ಲವೋ ತಿಳಿಯುವುದಕ್ಕೆ ಕರೆಂಟ್ ವಾಯರಿನ ಮೇಲಿನ ಪ್ಲಾಸ್ಟಿಕ್ ಸುಲಿದು, ಒಳಗಿನ ತಾಮ್ರದ ಎಳೆಯನ್ನು ಚೆನ್ನಾಗಿ ಉಜ್ಜಿ, ನೀರಿನಲ್ಲಿ ಐದು ನಿಮಿಷ ಅದ್ದಿಡು. ತಾಮ್ರ ಬೂದು-ಬಿಳಿ ಆದರೆ ಇನ್ನೂ ಬೆಳ್ಳಿ ಇದೆ, ಹೊಸ ಸ್ಟೀಲ್ ವುಲ್ ಹಾಕು. ತಾಮ್ರ ತಾಮ್ರವಾಗೇ ಹೊರಗೆ ಬಂದರೆ ಕೆಲಸ ಆಯಿತು.

ಹಳೇ ಅರಿವೆಯಲ್ಲಿ ಸೋಸಿದ ಮೇಲೆ ಉಳಿಯುವ ನೀರಿನಲ್ಲಿ ಕಬ್ಬಿಣ, ಹೈಪೋ ಇರುತ್ತವೆ. ಇದನ್ನೂ ಸೆಪ್ಟಿಕ್ ಟ್ಯಾಂಕಿಗೆ ಬಿಡಬೇಡ. ಒಳಚರಂಡಿ ಇರುವ ಗೆಳತಿಯ ಮನೆಗೋ ಕಾಲೇಜಿಗೋ ಒಯ್ದು, ಕೇಳಿ, ಬಕೀಟುಗಟ್ಟಲೆ ನೀರಿನ ಜೊತೆ ಸ್ವಲ್ಪ ಸ್ವಲ್ಪವಾಗಿ ಬಿಡು. ದಣಿದ ಡೆವಲಪರ್ ಮತ್ತು ಸ್ಟಾಪ್ ಬಾತ್‌ಗೂ ಅದೇ ದಾರಿ. ಆ ಎರಡನ್ನೂ ಒಂದೇ ಕ್ಯಾನಿನಲ್ಲಿ ಕೂಡಿಸಬಹುದು, ಒಂದು ಕ್ಷಾರ, ಒಂದು ಆಮ್ಲ, ಪರಸ್ಪರ ತಣಿಸುತ್ತವೆ. ಫಿಕ್ಸರ್ ಮಾತ್ರ ಯಾವತ್ತೂ ಬೇರೆ ಕ್ಯಾನ್. ಬೇಗ ಕೆಲಸ ಮಾಡುವ ರಾಪಿಡ್ ಫಿಕ್ಸರ್‌ನಲ್ಲಿ ಅಮೋನಿಯಂ ಇರುತ್ತೆ, ಡೆವಲಪರ್ ಕೂಡಿತೆಂದರೆ ಅಮೋನಿಯಾ ಕಣ್ಣಿಗೆ ಹೊಡೆಯುತ್ತೆ. ಮಳೆನೀರಿನ ತೆರೆದ ಗಟಾರಕ್ಕೆ ಯಾವುದೂ ಬೇಡ. ಅದು ನೇರ ಹಳ್ಳಕ್ಕೆ, ಹೊಳೆಗೆ.

ಬಚ್ಚಲಲ್ಲಿ ಕೆಲಸ ಮಾಡುತ್ತೇನೆ ಅಂದಿದ್ದಿ. ಅಲ್ಲಿ ಪಾಯಿಖಾನೆ ತೊಳೆಯುವ ಆಸಿಡ್, ಬ್ಲೀಚಿಂಗ್ ಪೌಡರ್ ಇಟ್ಟಿರುತ್ತಾರೆ. ಹೈಪೋ ಮೇಲೆ ಆ ಆಸಿಡ್ ಬಿದ್ದರೆ ಹಾಲಿನ ಹಾಗೆ ಬೆಳ್ಳಗಾಗಿ ಗಂಧಕ ಬಿಡುತ್ತೆ, ಉಸಿರು ಕಟ್ಟಿಸುವ ಗ್ಯಾಸ್ ಏಳುತ್ತೆ. ರಾಪಿಡ್ ಫಿಕ್ಸರ್‌ಗೆ ಬ್ಲೀಚ್ ಕೂಡಿದರೆ ಅದಕ್ಕಿಂತ ಕೆಟ್ಟದ್ದು. ರೋಲ್ ತೊಳೆಯುವ ದಿನ ಅವೆರಡನ್ನೂ ಬಚ್ಚಲಿನಿಂದ ಹೊರಗೆ ಇಡು. ಕಪ್ಪು ಅರಿವೆಯನ್ನು ಫಿಲ್ಮ್ ರೀಲಿಗೆ ಸುತ್ತುವ ತನಕ ಮಾತ್ರ ಕಟ್ಟು. ಟ್ಯಾಂಕಿನ ಮುಚ್ಚಳ ಬಿದ್ದ ಮೇಲೆ ಬೆಳಕಿನ ಭಯ ಇಲ್ಲ, ಕಿಟಕಿ ತೆರೆದುಬಿಡು. ಅಜ್ಜಿ ಹೇಳಿದ ನಾತ ಅರ್ಧ ಅಲ್ಲೇ ಕಡಿಮೆಯಾಗುತ್ತೆ.

ಇನ್ನೊಂದು. ನಮ್ಮ ಉಸ್ತಾದರು ಸ್ಟೀಲ್ ವುಲ್ ಬದಲು ಸತು ಬಳಸುತ್ತಿದ್ದರು. ಬೀದರಿನಲ್ಲಿ ಬಿದ್ರಿ ಕೆಲಸ, ಅಂದರೆ ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸುವ ಕೆಲಸ, ಮಾಡುವ ಗೆಳೆಯರೊಬ್ಬರು ಅವರಿಗಿದ್ದರು. ಬಿದ್ರಿಯ ಲೋಹದಲ್ಲಿ ಹದಿನಾರು ಪಾಲು ಸತು, ಒಂದು ಪಾಲು ತಾಮ್ರ. ಅರ ಹಾಕಿದ ಪುಡಿ ಅಲ್ಲಿಂದ ಬರುತ್ತಿತ್ತು, ಹೈಪೋದಿಂದ ಇಳಿದ ಬೆಳ್ಳಿ ಅಲ್ಲಿಗೇ ಹೋಗುತ್ತಿತ್ತು. ಹುಡುಗನಾಗಿದ್ದಾಗ ಅದು ನನಗೆ ಮಾಟದ ಹಾಗೆ ಕಾಣುತ್ತಿತ್ತು, ನಾವು ಚೆಲ್ಲುವ ನೀರು ಯಾರದೋ ಹೂದಾನಿಯ ಮೇಲೆ ಬಳ್ಳಿಯಾಗಿ ಹಬ್ಬುವುದು. ಆದರೆ ಸತು ನೀರಿಗೆ ಇಳಿದರೆ ಮೀನಿಗೆ ಅದೂ ವಿಷ. ಕಬ್ಬಿಣವೇ ವಾಸಿ. ನಿನ್ನ ಕೆಸರನ್ನು ಒಣಗಿಸಿ ಗಾಜಿನ ಭರಣಿಯಲ್ಲಿ ಕೂಡಿಸುತ್ತಾ ಹೋಗು. ವರ್ಷಕ್ಕೆ ಹೆಚ್ಚೆಂದರೆ ಹತ್ತು-ಹನ್ನೆರಡು ಗ್ರಾಮ್. ಬೆಳ್ಳಿ ಶುದ್ಧ ಮಾಡುವ ಪತ್ತಾರರು ತಗೊಂಡರೆ ಕೊಡು, ಇಲ್ಲದಿದ್ದರೆ ಭರಣಿಯಲ್ಲೇ ಇರಲಿ. ಮನೆಯ ಒಲೆಯ ಮೇಲೆ ಮಾತ್ರ ಕಾಯಿಸಬೇಡ, ಗಂಧಕದ ಹೊಗೆ ಏಳುತ್ತೆ.

ಪ್ರಶ್ನೆ: ಸರ್, ಬೀದರಿನ ಚೌಬಾರಾ ಹತ್ತಿರ ನಮ್ಮ ತಂದೆಯವರ ಸ್ಟುಡಿಯೋ ಇತ್ತು. ಅವರು ತೀರಿಕೊಂಡು ಬಹಳ ವರ್ಷ ಆಯಿತು. ಅಂಗಡಿ ಖಾಲಿ ಮಾಡಬೇಕಾಗಿದೆ. ಡಾರ್ಕ್ ರೂಮಿನ ಕಪಾಟಿನಲ್ಲಿ ಕಂದು ಬಣ್ಣದ ಇಪ್ಪತ್ತು-ಮೂವತ್ತು ಬಾಟಲಿ ಇವೆ. ಕೆಲವಕ್ಕೆ ತಂದೆಯವರ ಕೈಬರಹದ ಚೀಟಿ ಇದೆ, ಕೆಲವಕ್ಕೆ ಇಲ್ಲ. ಕಿತ್ತಳೆ ಬಣ್ಣದ ಹರಳು, ಕೆಂಪು ಹರಳು, ಒಂದಕ್ಕೆ ತಲೆಬುರುಡೆಯ ಗುರುತು. ಕೂಲಿ ಹುಡುಗರು ಊರ ಹೊರಗೆ ಗುಂಡಿ ತೋಡಿ ಹೂಳುತ್ತೇವೆ ಅನ್ನುತ್ತಾರೆ. ಹೂಳಿಸಲೇ?
— ಶಿಕ್ಷಕರು, ಬೀದರ್

ಉತ್ತರ: ಬೇಡಿರಿ. ದಯವಿಟ್ಟು ಹೂಳಿಸಬೇಡಿರಿ. ಬೀದರಿನ ನೆಲ ಕೆಂಪು ಜಂಬಿಟ್ಟಿಗೆ ಕಲ್ಲು, ಜೇನುಗೂಡಿನ ಹಾಗೆ ತೂತು. ಬಿದ್ದ ನೀರನ್ನು ಕೆಳಗೆ ಇಳಿಸಿಕೊಳ್ಳುತ್ತೆ. ಬಹಮನಿ ಕಾಲದಲ್ಲಿ ನೌಬಾದಿನ ಸುರಂಗ ಬಾವಿ ತೋಡಿದವರು ನೆಲದ ಈ ಗುಣವನ್ನೇ ನಂಬಿ ಊರಿಗೆ ನೀರು ತಂದರು. ಅಂಥ ನೆಲದಲ್ಲಿ ಹೂಳುವುದೂ ಬಾವಿಗೆ ಸುರಿಯುವುದೂ ಒಂದೇ.

ಆ ಹುಡುಗರನ್ನು ಮೊದಲು ಕೋಣೆಯಿಂದ ಹೊರಗೆ ಕಳಿಸಿರಿ. ಬಾಗಿಲು, ಕಿಟಕಿ ತೆರೆದು ಅರ್ಧ ಗಂಟೆ ಬಿಟ್ಟು ನೀವು ಒಳಗೆ ಹೋಗಿರಿ. ಕೈಗೆ ನೈಟ್ರೈಲ್ ಗ್ಲೌಸ್, ಕಣ್ಣಿಗೆ ಕನ್ನಡಕ. ಯಾವ ಬಾಟಲಿಯನ್ನೂ ತೆರೆಯಬೇಡಿರಿ, ಮೂಸಬೇಡಿರಿ, ಒಂದನ್ನು ಇನ್ನೊಂದಕ್ಕೆ ಸುರಿದು ಬಾಟಲಿ ಉಳಿಸುವ ಆಸೆ ಬೇಡ. ಪ್ರತಿಯೊಂದರ ಫೋಟೋ ತೆಗೆದು ಪಟ್ಟಿ ಬರೆಯಿರಿ. ತಂದೆಯವರ ಚೀಟಿ ಹರಿಯದ ಹಾಗೆ ನೋಡಿಕೊಳ್ಳಿರಿ. ಈಗ ನಿಮಗೆ ಇರುವ ಒಂದೇ ದಾರಿದೀಪ ಅದು.

ಕಿತ್ತಳೆ ಹರಳು ಪೊಟ್ಯಾಸಿಯಂ ಡೈಕ್ರೋಮೇಟ್ ಇರಬೇಕು. ಮಸುಕಾಗಿ ಬಂದ ನೆಗೆಟಿವನ್ನು ಗಾಢ ಮಾಡುವುದಕ್ಕೆ ಬಳಸುತ್ತಿದ್ದೆವು. ಕ್ಯಾನ್ಸರ್ ತರುವ ವಸ್ತು ಅದು, ಚರ್ಮದ ಗಾಯಕ್ಕೆ ತಾಗಿದರೆ ಹುಣ್ಣು ಮಾಯುವುದಿಲ್ಲ. ಪುಡಿ ಮೂಗಿಗೆ ಹೋಗಬಾರದು. ಕೆಂಪು ಹರಳು ಪೊಟ್ಯಾಸಿಯಂ ಫೆರಿಸಯನೈಡ್, ಫೋಟೋವನ್ನು ಕಂದು ಬಣ್ಣಕ್ಕೆ ತಿರುಗಿಸುವ ಸೀಪಿಯಾ ಟೋನಿನ ಬ್ಲೀಚ್‌ಗೆ. ಹೆಸರಿನಲ್ಲಿ ಸಯನೈಡ್ ಇದೆ ಅಂತ ಹೆದರುವಷ್ಟು ಅದು ತಾನಾಗಿ ವಿಷವಲ್ಲ, ಆದರೆ ಬಲವಾದ ಆಸಿಡ್ ಮತ್ತು ಬಿಸಿ ಸೇರಿದರೆ ನಿಜವಾದ ಸಯನೈಡ್ ಗ್ಯಾಸ್ ಬಿಡುತ್ತೆ. ಅದರ ಜೊತೆಗೇ ಸೋಡಿಯಂ ಸಲ್ಫೈಡ್ ಇರುತ್ತೆ, ಕೊಳೆತ ಮೊಟ್ಟೆಯ ವಾಸನೆಯದು. ಅದಕ್ಕೂ ಆಸಿಡ್ ತಾಗಬಾರದು. ಹಾಗಾಗಿ ಆಸಿಡ್ ಬಾಟಲಿಗಳನ್ನು ಬೇರೆ ಪ್ಲಾಸ್ಟಿಕ್ ಬುಟ್ಟಿಯಲ್ಲಿ, ಕೋಣೆಯ ಇನ್ನೊಂದು ಮೂಲೆಗೆ ಇಡಿರಿ.

ತಲೆಬುರುಡೆಯದು ಮರ್ಕ್ಯುರಿಕ್ ಕ್ಲೋರೈಡ್ ಇರಬಹುದು. ಪಾದರಸದ ಉಪ್ಪು. ಹಳೇ ಸ್ಟುಡಿಯೋಗಳಲ್ಲಿ ಇರುತ್ತಿತ್ತು. ಚೂರು ಹೊಟ್ಟೆಗೆ ಹೋದರೂ ಜೀವಕ್ಕೆ ಅಪಾಯ. ಅದನ್ನು ಇದ್ದ ಹಾಗೇ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಬಾಯಿ ಕಟ್ಟಿ, ಡಬ್ಬಿಯಲ್ಲಿಟ್ಟು ಬೀಗ ಹಾಕಿರಿ. ಸಿಲ್ವರ್ ನೈಟ್ರೇಟ್ ಮತ್ತು ಅಮೋನಿಯಾ ಎರಡರ ಹೆಸರೂ ಇರುವ ಬಾಟಲಿ ಕಂಡರೆ, ಬಾಯಿಯ ಸುತ್ತ ಕಪ್ಪು ಹಕ್ಕಳೆ ಕಟ್ಟಿದ್ದರೆ, ಕೈ ಹಾಕಲೇ ಬೇಡಿರಿ, ಅಲುಗಿಸಬೇಡಿರಿ. ಒಣಗಿದ ಆ ಹಕ್ಕಳೆ ತಿಕ್ಕಿದರೆ ಸಿಡಿಯುವಂಥದ್ದು.

ಒಂದು ಬಾಟಲಿ ಬಗ್ಗೆ ಬೀದರಿನವರಿಗೆ ವಿಶೇಷವಾಗಿ ಹೇಳಬೇಕು. ಗ್ಲೇಶಿಯಲ್ ಅಸಿಟಿಕ್ ಆಸಿಡ್ 16.6 ಡಿಗ್ರಿಗಿಂತ ತಣ್ಣಗಾದರೆ ಹೆಪ್ಪುಗಟ್ಟಿ ಬರ್ಫದ ಗಡ್ಡೆಯಾಗುತ್ತೆ. ನಿಮ್ಮ ಊರಿನ ಡಿಸೆಂಬರ್ ಚಳಿಗೆ ಅಷ್ಟು ಆರಾಮವಾಗಿ ಆಗುತ್ತೆ. ಕೆಟ್ಟಿದೆ ಅಂದುಕೊಂಡು ಒಲೆಯ ಹತ್ತಿರ ಇಡಬೇಡಿರಿ. 39 ಡಿಗ್ರಿಗೆ ಅದರ ಆವಿಗೆ ಬೆಂಕಿ ಹತ್ತುತ್ತೆ, ಅಂದರೆ ಮೇ ತಿಂಗಳಲ್ಲಿ ತಗಡಿನ ಮಾಡಿನ ಕೆಳಗೆ ಒಂದು ಕಡ್ಡಿ ಗೀರಿದರೆ ಸಾಕು.

ಕೊಡುವುದು ಯಾರಿಗೆ? ಪಟ್ಟಿ, ಫೋಟೋ ಹಿಡಿದು ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ಅರ್ಜಿ ಬರೆಯಿರಿ. ಅಪಾಯಕಾರಿ ತ್ಯಾಜ್ಯಕ್ಕೆ 2016ರ ನಿಯಮಗಳಿವೆ, ಅದನ್ನು ತಗೊಳ್ಳುವುದಕ್ಕೆ ಮಂಡಳಿಯ ಅನುಮತಿ ಇರುವ ಘಟಕಗಳಿವೆ, ಯಾರನ್ನು ಕೇಳಬೇಕು ಅಂತ ಅವರು ಹೇಳಬೇಕು. ತಡವಾದರೆ ಬಿಡಬೇಡಿರಿ, ಮತ್ತೆ ಹೋಗಿರಿ. ಅದರ ಜೊತೆಗೆ ಹತ್ತಿರದ ಡಿಗ್ರಿ ಕಾಲೇಜಿನ ರಸಾಯನಶಾಸ್ತ್ರದ ಮೇಷ್ಟ್ರಿಗೆ ಪಟ್ಟಿ ತೋರಿಸಿರಿ. ನೀವೂ ಮೇಷ್ಟ್ರು, ಇಲ್ಲ ಅನ್ನಲಿಕ್ಕಿಲ್ಲ. ಚೀಟಿ ಇಲ್ಲದ ಬಾಟಲಿ ಯಾವುದು ಅಂತ ಗುರುತು ಹಿಡಿಯುವುದಕ್ಕೆ ನೆರವಾಗುತ್ತಾರೆ. ಸೀಲ್ ಒಡೆಯದ ಹೈಪೋ, ಸಲ್ಫೈಟ್, ಬೋರಾಕ್ಸ್ ಡಬ್ಬಿಗಳು ಲ್ಯಾಬಿನಲ್ಲೇ ಉಪಯೋಗಕ್ಕೆ ಬರಬಹುದು.

ಕಪಾಟಿನಲ್ಲಿ ನೆಗೆಟಿವ್‌ಗಳಿದ್ದರೆ ಅವನ್ನು ಈ ಬಾಟಲಿಗಳಿಂದ ಮೊದಲು ದೂರ ಮಾಡಿರಿ. ಅರ್ಧ ಬೀದರಿನ ಮದುವೆಗಳು ಅದರಲ್ಲಿರುತ್ತವೆ. ರದ್ದಿಗೆ ಹಾಕುವ ಮುಂಚೆ ನನಗೊಂದು ಪತ್ರ ಬರೆಯಿರಿ.

ಪ್ರಶ್ನೆ: ನಮ್ಮದು ಸಣ್ಣ ಎಕ್ಸ್-ರೇ ಸೆಂಟರ್, ಇನ್ನೂ ಫಿಲ್ಮ್ ತೊಳೆಯುವ ಪದ್ಧತಿ. ತಿಂಗಳಿಗೊಬ್ಬ ಬಂದು ಹಳೇ ಫಿಕ್ಸರ್‌ಗೆ ಲೀಟರ್ ಲೆಕ್ಕದಲ್ಲಿ ರೊಕ್ಕ ಕೊಟ್ಟು ಒಯ್ಯುತ್ತಾನೆ. ಹಳೇ ಫಿಲ್ಮನ್ನೂ ಕೇಳುತ್ತಾನೆ. ಕೊಡುವುದು ತಪ್ಪೇ?
— ಟೆಕ್ನಿಷಿಯನ್, ಯಾದಗಿರಿ

ಉತ್ತರ: ಅವನ ಹತ್ತಿರ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪತ್ರ ಇದೆಯೇ? ಅದರ ಪ್ರತಿ ಕೇಳಿರಿ, ರಸೀದಿ ಕೇಳಿರಿ. ಕೊಟ್ಟರೆ ಸರಿ. ಕೊಡದಿದ್ದರೆ ಕ್ಯಾನ್ ಕೊಡಬೇಡಿರಿ.

ನೀವು ಸ್ಟುಡಿಯೋದವರಲ್ಲ, ಆಸ್ಪತ್ರೆಯ ಲೆಕ್ಕಕ್ಕೆ ಬರುತ್ತೀರಿ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳಲ್ಲಿ ಎಕ್ಸ್-ರೇ ಫಿಲ್ಮ್ ತೊಳೆದ ಬೆಳ್ಳಿಯ ನೀರನ್ನು ಹೆಸರು ಹೇಳಿಯೇ ಹಳದಿ ವರ್ಗದ ರಾಸಾಯನಿಕ ದ್ರವ ತ್ಯಾಜ್ಯಕ್ಕೆ ಸೇರಿಸಿದ್ದಾರೆ. ಬೇರೆಯಾಗಿ ಕೂಡಿಸಬೇಕು, ಶುದ್ಧೀಕರಿಸದೆ ಚರಂಡಿಗೆ ಬಿಡಬಾರದು. ನಿಮ್ಮ ಸೂಜಿ, ಬ್ಯಾಂಡೇಜ್ ಒಯ್ಯುವ ಸಂಸ್ಥೆಯವರನ್ನೇ ಮೊದಲು ಕೇಳಿರಿ.

ಗುರುತಿಲ್ಲದವನು ಏನು ಮಾಡುತ್ತಾನೆ ಅಂತ ನಾನು ಒಮ್ಮೆ ಕಣ್ಣಾರೆ ನೋಡಿದ್ದೇನೆ, ಊರಿನ ಹೆಸರು ಬೇಡ. ಹಳ್ಳದ ದಂಡೆಯ ಮೇಲೆ ತಗಡಿನ ಡ್ರಮ್ಮು, ಕೆಳಗೆ ಬೆಂಕಿ, ಅದರಲ್ಲಿ ಎಕ್ಸ್-ರೇ ಫಿಲ್ಮ್ ಕುದಿಯುತ್ತಿತ್ತು. ಹನ್ನೆರಡು-ಹದಿಮೂರು ವರ್ಷದ ಹುಡುಗ ಬರಿಗೈಯಲ್ಲಿ ಫಿಲ್ಮ್ ಎತ್ತಿ ಉಜ್ಜುತ್ತಿದ್ದ. ಬೆರಳ ತುದಿಯ ಚರ್ಮ ಸುಲಿದು ಬೆಳ್ಳಗಾಗಿತ್ತು. ಬೆಳ್ಳಿ ತೆಗೆದುಕೊಂಡು ಉಳಿದದ್ದನ್ನು ಹಳ್ಳಕ್ಕೆ ಬಿಟ್ಟರು. ನಿಮ್ಮ ಊರಿನ ಹಳ್ಳ ಎಲ್ಲ ಭೀಮೆಗೇ ಸೇರುವುದು. ಲೀಟರಿಗೆ ಸಿಗುವ ಆ ರೊಕ್ಕ ನಿಮಗೆ ಬೇಡ. ಹಳೇ ಫಿಲ್ಮಿನ ಮೇಲೆ ರೋಗಿಯ ಹೆಸರೂ ಇರುತ್ತೆ, ಅದನ್ನೂ ನೆನಪಿಡಿರಿ.

ಪ್ರಶ್ನೆ: ಅಣ್ಣಾ, ನಮ್ಮ ಮಗ ಪಡಸಾಲೆಯ ಪಕ್ಕದ ಖೋಲಿಯಲ್ಲಿ ಫೋಟೋ ತೊಳೆಯುವ ಹವ್ಯಾಸ ಹಚ್ಚಿಕೊಂಡಾನ. ಫರಸಿ ಮೇಲೆ ಬಿಳೇ ಕಲೆ ಬಿದ್ದಾವ, ಎಷ್ಟು ತಿಕ್ಕಿದರೂ ಹೋಗವಲ್ಲವು. ಅವನ ಬೆರಳ ಸಂದಿಯೊಳಗ ತುರಿಕೆ. ಮನೆಯಾಗ ನಾಲ್ಕು ವರ್ಷದ ಮೊಮ್ಮಗಳು ಓಡಾಡತಾಳ. ನನಗ ಜೀವದಾಗ ಜೀವ ಇಲ್ಲ.
— ತಾಯಿ, ಶಹಾಬಾದ್

ಉತ್ತರ: ಅಕ್ಕಾ, ಮೂರಕ್ಕೂ ಹೇಳುತ್ತೇನೆ. ಮೊಮ್ಮಗಳ ಮಾತು ಮೊದಲು.

ನನ್ನ ಮನೆಯಲ್ಲೇ ಆದದ್ದು. ಮೇ ತಿಂಗಳು. ಡೆವಲಪರ್ 20 ಡಿಗ್ರಿ ಇರಬೇಕು, ಹೊರಗೆ 43. ತಣ್ಣಗಿರಲಿ ಅಂತ ಡೆವಲಪರ್ ತುಂಬಿದ ಶರಬತ್ತಿನ ಹಳೇ ಬಾಟಲಿಯನ್ನು ಕುಡಿಯುವ ನೀರಿನ ಗಡಿಗೆಯ ಪಕ್ಕ, ಒದ್ದೆ ಉಸುಕಿನಲ್ಲಿ ಇಟ್ಟಿದ್ದೆ. ಆಳಂದದಿಂದ ಬಂದಿದ್ದ ಬೀಗರು ಬಿಸಿಲಲ್ಲಿ ದಣಿದು ಕೂತಿದ್ದರು. ನಮ್ಮ ಮನೆಯವರು ಒಳಗೆ ಬೆಲ್ಲ ತರುವುದಕ್ಕೆ ಹೋದಾಗ ಅವರೇ ಎದ್ದು ಲೋಟಕ್ಕೆ ಬಗ್ಗಿಸಿಕೊಂಡರು. ತುಟಿಗೆ ಒಯ್ದು, ವಾಸನೆ ಬೇರೆ ಅನಿಸಿ, "ಇದೇನು ಕೆಟ್ಟಾದ ನೋಡ್ರಿ" ಅಂದರು. ನನ್ನ ಕಾಲು ನೆಲಕ್ಕೆ ಅಂಟಿಹೋಯಿತು. ಹೈಡ್ರೋಕ್ವಿನೋನ್ ಹೊಟ್ಟೆಗೆ ಹೋದರೆ ಏನಾಗುತ್ತೆ ಅಂತ ನನಗೆ ಗೊತ್ತಿತ್ತು. ಅವರ ಮೂಗು ಅವರನ್ನು ಉಳಿಸಿತು. ನಾಲ್ಕು ವರ್ಷದ ಮಗು ಮೂಸಿ ನೋಡುವುದಿಲ್ಲ.

ಹಾಗಾಗಿ ಶರಬತ್ತು, ಸೋಡಾ, ನೀರಿನ ಬಾಟಲಿಯಲ್ಲಿ ಕೆಮಿಕಲ್ ಇಡಬಾರದು, ಒಂದು ತಾಸಿಗೂ ಬೇಡ. ಫ್ರಿಜ್ಜಿನಲ್ಲಿ ಬೇಡ. ಅಡುಗೆ ಮನೆಯ ಚಮಚ, ಡಬ್ಬಿ, ಅಳತೆ ಲೋಟ ಒಮ್ಮೆ ಆ ಖೋಲಿಗೆ ಹೋದರೆ ತಿರುಗಿ ಬರಬಾರದು. ಖೋಲಿಗೆ ಕೀಲಿ ಇರಲಿ, ಕೀಲಿ ನಿಮ್ಮ ಸೆರಗಿನಲ್ಲಿರಲಿ. ತಣ್ಣಗೆ ಮಾಡಬೇಕೆಂದರೆ ಟ್ರೇಯನ್ನು ಬರ್ಫದ ನೀರಿನ ಬುಟ್ಟಿಯಲ್ಲಿ ಕೂರಿಸಲಿ. ಆದರೂ ಯಾರಾದರೂ ಕುಡಿದರೆ ಬಾಯಿ ಮುಕ್ಕಳಿಸಿ ಉಗುಳಿಸಿರಿ, ವಾಂತಿ ಮಾಡಿಸಬೇಡಿರಿ, ಉಪ್ಪುನೀರು ಕುಡಿಸಬೇಡಿರಿ. ಬಾಟಲಿ ಚೀಟಿ ಸಮೇತ ಹಿಡಿದುಕೊಂಡು ಆಸ್ಪತ್ರೆಗೆ ಓಡಿರಿ. ಕಣ್ಣಿಗೆ ಸಿಡಿದರೆ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಆಮೇಲೆ ಡಾಕ್ಟರ್.

ತುರಿಕೆ ಬಹುಶಃ ಮೆಟಾಲ್‌ನದು. ನನಗೂ ಆಗಿತ್ತು. ಬೆರಳ ಸಂದು ಒಣಗಿ ಸೀಳು ಬಿಡುತ್ತಿತ್ತು, ರೊಟ್ಟಿ ಮುರಿಯುವಾಗ ಖಾರ ತಾಗಿದರೆ ಕಣ್ಣಲ್ಲಿ ನೀರು. ಎಷ್ಟು ಮುಲಾಮು ಹಚ್ಚಿದರೂ ಹೋಗಲಿಲ್ಲ. ತಂಗಿಯ ಮದುವೆಗೆ ಅಂತ ಹನ್ನೆರಡು ದಿನ ಸ್ಟುಡಿಯೋ ಮುಚ್ಚಿದೆ, ತಾನೇ ಮಾಯಿತು. ಆಗ ತಿಳಿಯಿತು. ಈ ಅಲರ್ಜಿ ಒಮ್ಮೆ ಹಿಡಿದರೆ ಬಿಡುವುದು ಕಷ್ಟ. ಮಗನಿಗೆ ಚಿಮಟ ಕೊಡಿಸಿರಿ, ನೈಟ್ರೈಲ್ ಗ್ಲೌಸ್ ಕೊಡಿಸಿರಿ. ಮೆಟಾಲ್ ಬದಲು ಫೆನಿಡೋನ್ ಇರುವ ಡೆವಲಪರ್ ಬರುತ್ತೆ, ಅದಕ್ಕೆ ತುರಿಕೆ ಕಡಿಮೆ. ಪುಡಿ ಕಲಸುವಾಗ ಮಾಸ್ಕ್ ಹಾಕಿ, ತಲೆಯ ಮೇಲಿನ ಫ್ಯಾನ್ ಬಂದ್ ಮಾಡಲಿ. ಆ ಧೂಳು ಮನೆಯಲ್ಲೆಲ್ಲ ಕೂತಾದ ಮೇಲೆ ಒರೆಸುವುದು ನೀವೇ ಅಲ್ಲವೇ?

ಇನ್ನು ಫರಸಿ. ಶಹಾಬಾದಿನವರಿಗೆ ನಾನು ಕಲ್ಲಿನ ಪಾಠ ಹೇಳಬಾರದು, ಆದರೂ ಹೇಳುತ್ತೇನೆ. ನಿಮ್ಮದು ಸುಣ್ಣದ ಕಲ್ಲು. ಸ್ಟಾಪ್ ಬಾತ್‌ನ ಆಸಿಡ್ ಬಿದ್ದ ಕಡೆ ಸಣ್ಣಗೆ ನೊರೆ ಬಂದು ಕಲ್ಲೇ ಕರಗಿದೆ. ಅದು ಕಲೆಯಲ್ಲ, ಮೇಲಿನ ಹೊಳಪು ಹೋದದ್ದು. ತಿಕ್ಕಿದರೆ ಹೋಗುವುದಿಲ್ಲ, ಪಾಲಿಶ್ ಹೊಡೆಸಬೇಕು. ಟ್ರೇಗಳನ್ನು ಅಂಚಿರುವ ದೊಡ್ಡ ಪ್ಲಾಸ್ಟಿಕ್ ತಟ್ಟೆಯೊಳಗೆ ಇಟ್ಟುಕೊಂಡರೆ ಮುಂದೆ ಬೀಳುವುದಿಲ್ಲ. ಗಟ್ಟಿ ಆಸಿಡ್ ಬೆರೆಸುವಾಗ ನೀರಿಗೆ ಆಸಿಡ್ ಹಾಕಬೇಕು, ಆಸಿಡ್‌ಗೆ ನೀರಲ್ಲ. ಇದನ್ನು ಮಗನ ಹತ್ತಿರ ಬಾಯಿಪಾಠ ಮಾಡಿಸಿರಿ. ಹವ್ಯಾಸ ಬಿಡಿಸಬೇಡಿರಿ ಅಕ್ಕಾ, ಪದ್ಧತಿ ಕಲಿಸಿರಿ.

ಪ್ರಶ್ನೆ: ಕಾಫಿ ಪುಡಿಯಿಂದ ರೋಲ್ ತೊಳೆಯಬಹುದು, ಕೆಮಿಕಲ್ಲೇ ಬೇಡ ಅಂತ ಗೆಳೆಯ ಹೇಳಿದ. ನಿಜವೇ?
— ಓದುಗರು, ಸುರಪುರ

ಉತ್ತರ: ಅರ್ಧ ನಿಜ. 1995ರಲ್ಲಿ ಅಮೆರಿಕದ ರೋಚೆಸ್ಟರಿನ ವಿದ್ಯಾರ್ಥಿಗಳು ಮಾಡಿ ತೋರಿಸಿದ್ದು. ಲೀಟರ್ ನೀರಿಗೆ 54 ಗ್ರಾಮ್ ವಾಷಿಂಗ್ ಸೋಡಾ, 16 ಗ್ರಾಮ್ ವಿಟಮಿನ್ ಸಿ ಪುಡಿ, 40 ಗ್ರಾಮ್ ಇನ್‌ಸ್ಟಂಟ್ ಕಾಫಿ, 20 ಡಿಗ್ರಿಯಲ್ಲಿ 15 ನಿಮಿಷ. ಇದು ಈಗ ಬಹಳ ಮಂದಿ ಬಳಸುವ ಅಳತೆ. ನಾನೂ ಮಾಡಿ ನೋಡಿದ್ದೇನೆ, ನೆಗೆಟಿವ್ ಛಲೋ ಬರುತ್ತೆ, ವಾಸನೆ ಮಾತ್ರ ತಡೆಯುವುದು ಕಷ್ಟ. ಅಡುಗೆ ಸೋಡಾ ನಡೆಯುವುದಿಲ್ಲ, ವಾಷಿಂಗ್ ಸೋಡಾನೇ ಬೇಕು, ಅದು ಕೈ ಸುಡುತ್ತೆ, ಗ್ಲೌಸ್ ಹಾಕಿರಿ.

ಆದರೆ ಕಾಫಿ ಡೆವಲಪರ್‌ಗೆ ಮಾತ್ರ ಬದಲಿ. ಫಿಕ್ಸರ್ ಬೇಕೇ ಬೇಕು. ಗಟ್ಟಿ ಉಪ್ಪುನೀರಿನಲ್ಲಿ ದಿನಗಟ್ಟಲೆ ನೆನೆಸಿ ಫಿಕ್ಸ್ ಮಾಡುವವರೂ ಇದ್ದಾರೆ. ಆ ಉಪ್ಪುನೀರಿಗೂ ಫಿಲ್ಮಿನ ಬೆಳ್ಳಿಯೇ ಇಳಿಯುವುದು, ಅದನ್ನೂ ಮೇಲೆ ಹೇಳಿದ ಕ್ಯಾನಿಗೇ ಹಾಕಿರಿ.